ಗಾಜಿನ ಎಳೆಯ ಲೆಕ್ಕ

ಸಿರಾ, ೧೨-೧-೧೯೫೮, ಭಾನುವಾರ

ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ನಾಗಲಿಂಗಯ್ಯನವರು ಹೊಸ ವರ್ಷಕ್ಕೆಂದು ಈ ಡೈರಿ ಕೊಟ್ಟರು. "ದಿನಾ ನಾಕು ಸಾಲು ಬರೀರಿ ಮೇಷ್ಟ್ರೇ, ಮನಸ್ಸು ಹಗುರಾಗ್ತದೆ" ಎಂದರು. ನನ್ನ ಮನಸ್ಸು ಭಾರವಾಗಿದೆ ಎಂದು ಅವರಿಗೆ ಯಾರು ಹೇಳಿದರೋ. ಹನ್ನೊಂದು ದಿನ ಮುಟ್ಟಲಿಲ್ಲ. ಇವತ್ತು ತೆಗೆದಿದ್ದೇನೆ. ನಮಾಜಿಗೆ ಅರಬ್ಬಿ, ಮನೆಗೆ ಉರ್ದು, ಗಣಿತಕ್ಕೆ ಇಂಗ್ಲಿಷು. ಮನೆಯವರು ಓದಬಾರದ ಸಂಗತಿಗೆ ಕನ್ನಡವೇ ಸರಿ. ಹೆಂಡತಿ ಅಮೀರುನ್ನೀಸಾಗೆ ಓದು ಬಾರದು, ವಿಧವೆ ಅಕ್ಕ ಹಮೀದುನ್ನೀಸಾಗೆ ಉರ್ದು ಬಿಟ್ಟರೆ ಇಲ್ಲ, ಮಗಳು ಸಾಬೀರಾ ಇನ್ನೂ ಉರ್ದು ಶಾಲೆಯ ಕೊನೆಯ ತರಗತಿ.

ಅಮೀರುನ್ನೀಸಾಳಿಗೆ ಹೊಟ್ಟೆನೋವು ಶುರುವಾಗಿ ನಾಲ್ಕು ತಿಂಗಳಾಯಿತು. ಉಂಡ ಅರ್ಧ ಗಂಟೆಗೆ ಬರುತ್ತದೆ. ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿಬಿಡುತ್ತಾಳೆ. ಹಕೀಮರ ಚೂರ್ಣ ಮುಗಿಯಿತು, ಕಷಾಯ ಮುಗಿಯಿತು. ನಿನ್ನೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸಂಜೀವಯ್ಯನವರು ಬುರ್ಖಾದ ಮೇಲಿನಿಂದಲೇ ಹೊಟ್ಟೆ ಒತ್ತಿ ನೋಡಿ ನನ್ನನ್ನು ಬಾಗಿಲ ಹತ್ತಿರ ಕರೆದರು.

"ಬೆಂಗಳೂರಿಗೆ ಕರ್ಕೊಂಡೋಗಿ ಮೇಷ್ಟ್ರೇ. ಎಕ್ಸ್‌ರೇ ತೆಗೀತಾರೆ. ಆಮೇಲೆ ಕುಯ್ದು ನೋಡ್ಬೇಕಾಗ್ತದೆ. ಒಳಗೇನೈತೆ ಅಂತ ಹೊರಗಿಂದ ಹೇಳಕ್ಕಾಗಲ್ಲ."

"ಗಂಡಸು ಡಾಕ್ಟರ ಹತ್ತಿರ ಅವಳು ಒಪ್ಪುವುದಿಲ್ಲ" ಎಂದೆ.

ಅವರು ಅವಳ ಕಡೆ ನೋಡಿದರು. ಮೂರು ಮಾರು ದೂರದ ಬೆಂಚಿನ ಮೇಲೆ ಕೂತಿದ್ದಳು. ನೆಲ ನೋಡುತ್ತಿದ್ದಳು. ಡಾಕ್ಟರು ಮತ್ತೆ ಒತ್ತಾಯ ಮಾಡಲಿಲ್ಲ, ಚೀಟಿ ಬರೆದುಕೊಟ್ಟರು. ನಮ್ಮ ಮನೆಗಳ ರೀತಿ ಅವರಿಗೂ ಗೊತ್ತು.

ಇದು ಬರೆಯಲು ಕಾರಣ ಬೇರೆ. ಶಾಲೆಯ ಲೈಬ್ರರಿಗೆ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳ ಹಳೆಯ ಕಟ್ಟೊಂದು ಬಂದಿದೆ. ಅದರಲ್ಲಿ ಒಂದು ಲೇಖನ: ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಕಟ್ಟು ಕಟ್ಟಿ ರೋಗಿಯ ಬಾಯಿಂದ ಇಳಿಬಿಟ್ಟರೆ ಬೆಳಕು ಎಳೆಯೊಳಗೇ ಬಾಗಿ ಬಾಗಿ ಹೋಗಿ ಹೊಟ್ಟೆಯ ಒಳಗನ್ನು ತೋರಿಸುತ್ತದಂತೆ. ಕುಯ್ಯುವುದೇ ಬೇಡ. ನಾಲ್ಕು ಸಲ ಓದಿದೆ. ಕುಯ್ಯದೆ ನೋಡುವ ದಾರಿ ಇರುವಾಗ ಕುಯ್ಯಿಸುವವನು ಮೂರ್ಖ. ಆದರೆ ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜವೆಂದು ಒಪ್ಪುವವನೂ ನಾನಲ್ಲ. ಮೊದಲು ಲೆಕ್ಕ ಹಾಕಿ ನೋಡುತ್ತೇನೆ.


೨೬-೧-೧೯೫೮, ಭಾನುವಾರ

ಬಾವುಟ ಹಾರಿಸಿ, ಮಕ್ಕಳಿಗೆ ಬೂಂದಿ ಹಂಚಿ ಮನೆಗೆ ಬಂದಾಗ ಹನ್ನೊಂದು. ಆಗಿನಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ಲೆಕ್ಕ ಬಿಟ್ಟು ಎದ್ದಿಲ್ಲ.

ಗಾಜಿನೊಳಗಿನ ಬೆಳಕು ಅಂಚಿಗೆ ಸಾಕಷ್ಟು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದು, ಪೂರ್ತಿ ಒಳಕ್ಕೇ ಹಿಂತಿರುಗುತ್ತದೆ. ಇದು ಹತ್ತನೇ ತರಗತಿಯ ಪಾಠ, ವರ್ಷವೂ ಹೇಳುತ್ತೇನೆ. ಎಳೆ ಎಂದರೆ ಉದ್ದುದ್ದದ ಓಣಿ. ಬೆಳಕು ಈ ಗೋಡೆಗೆ ಬಡಿದು ಆ ಗೋಡೆಗೆ, ಆ ಗೋಡೆಗೆ ಬಡಿದು ಈ ಗೋಡೆಗೆ. ಎಳೆಯ ದಪ್ಪ ಅಂಗುಲದ ಐನೂರರಲ್ಲಿ ಒಂದು ಪಾಲು ಎಂದಿಟ್ಟುಕೊಂಡೆ. ಬಾಯಿಂದ ಹೊಟ್ಟೆಯ ತಳಕ್ಕೆ, ಹೊರಗೆ ಹಿಡಿಯುವುದಕ್ಕೂ ಸೇರಿ, ಮೂರಡಿ. ಎರಡಂಗುಲ ಮುಂದೆ ಹೋಗುವಷ್ಟರಲ್ಲಿ ಒಂದಂಗುಲ ಅಡ್ಡ ಸರಿಯುವ ಕಿರಣವಾದರೆ ಒಂಬತ್ತು ಸಾವಿರ ಸಲ ಗೋಡೆಗೆ ಬಡಿಯಬೇಕು. ಒಂಬತ್ತು ಸಾವಿರ ಸಲ ಬಡಿಸಿಕೊಂಡು ಬದುಕಿ ಬರುತ್ತದೆಯೇ? ಅದು ಮುಂದಿನ ಲೆಕ್ಕ.

ಚಹಾ ತಂದಿಟ್ಟ ಅಮೀರುನ್ನೀಸಾ ಕಾಗದ ನೋಡಿ "ಏನಿದು, ಜಡೆ ಹೆಣೆದಂಗೈತೆ?" ಎಂದಳು. ಬರಗೂರಿನಲ್ಲಿ ಹುಟ್ಟಿ ಬೆಳೆದವಳು, ಅವಳ ಉರ್ದುವಿನಲ್ಲೂ ಆ ಊರಿನ ಕನ್ನಡವೇ ಮುಕ್ಕಾಲು. ಬೆಳಕಿನ ದಾರಿ ಎಂದು ವಿವರಿಸಿದೆ. ಎಳೆಗಳು ಒಂದಕ್ಕೊಂದು ತಾಗಿದರೆ ಬೆಳಕು ಸೋರುತ್ತದೆ, ಅದಕ್ಕೆ ಒಂದೊಂದು ಎಳೆಗೂ ಇನ್ನೊಂದು ಗಾಜಿನ ತೆಳು ಹೊದಿಕೆ ಹಾಕುತ್ತಾರೆ ಎಂದೆ.

"ಅದಕ್ಕೂ ಬುರ್ಖಾನಾ?" ಎಂದಳು.

ನಕ್ಕೆ. ಅವಳೂ ನಕ್ಕು, ನಗು ಮುಗಿಯುವ ಮೊದಲೇ ಹೊಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಚಹಾ ಆರಿಹೋಗಿತ್ತು, ಹಾಗೇ ಕುಡಿದೆ.


೯-೨-೧೯೫೮, ಭಾನುವಾರ

ಮೊದಲ ಬಸ್ಸಿಗೆ ಮಧುಗಿರಿಗೆ ಹೋಗಿ ಬಂದೆ. ಕಿರಣದ ಲೆಕ್ಕ ಸಾಲದು. ಎಳೆ ಇಷ್ಟು ಸಣ್ಣದಾದಾಗ ಬೆಳಕನ್ನು ಅಲೆಯೆಂದೇ ತಿಳಿದು ಸಮೀಕರಣ ಬಿಡಿಸಬೇಕು. ಅದಕ್ಕೆ ಬೇಕಾದ ಪುಸ್ತಕ ಇರುವುದು ಸುತ್ತ ನಾಲ್ಕು ತಾಲ್ಲೂಕಿಗೆ ಒಬ್ಬರ ಹತ್ತಿರ: ಮಧುಗಿರಿ ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿರುವ ಮಲ್ಲಿಕಾರ್ಜುನಯ್ಯನವರು. ಕಾಲೇಜಿನಲ್ಲಿ ನನಗೆ ಗಣಿತ ಹೇಳಿದವರು, ಈಗ ನಿವೃತ್ತರು.

ಜಗಲಿಯ ಮೇಲೆ ಕೂತು ನನ್ನ ಹಾಳೆಗಳನ್ನೆಲ್ಲ ನೋಡಿದರು. ಬೆಟ್ಟದ ನೆರಳು ಅಂಗಳದಿಂದ ಪೂರ್ತಿ ಸರಿಯುವವರೆಗೂ ನೋಡಿದರು.

"ಲೆಕ್ಕ ಶುದ್ಧವಾಗಿದೆ ಇನಾಯತುಲ್ಲಾ. ನಿನ್ನ ಕೈಬರಹವೂ ಹಾಗೇ ಇದೆ. ಇದೆಲ್ಲ ಯಾಕೆ ಹಿಡಿದೆ ಈಗ?"

ಹೇಳಿದೆ.

"ಮನೆಯಾಕೆ ಏನಂತಾರೆ?"

"ಏನನ್ನುತ್ತಾಳೆ ಸಾರ್, ಅವಳಿಗೇನು ಗೊತ್ತಾಗುತ್ತದೆ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಪುಸ್ತಕ ಕೊಟ್ಟರು. ಬಾಗಿಲವರೆಗೆ ಬಂದು "ಆಪರೇಷನ್ ಅಂದ್ರೆ ನಿನಗೆ ಭಯವೋ ಆಕೆಗೋ?" ಎಂದು ಕೇಳಿದರು. ಬಸ್ಸಿನ ಹೊತ್ತಾಗಿತ್ತು, ಬಂದುಬಿಟ್ಟೆ. ಹಿರಿಯರು ಕೆಲವು ಸಲ ಸಂಬಂಧವಿಲ್ಲದ್ದು ಕೇಳುತ್ತಾರೆ.


೨೩-೨-೧೯೫೮

ಒಂದೊಂದು ಬಡಿತಕ್ಕೆ ಬೆಳಕಿನ ಸಾವಿರದಲ್ಲಿ ಒಂದು ಪಾಲು ನಷ್ಟವಾಗುತ್ತದೆ ಎಂದುಕೊಂಡರೆ, ಒಂಬತ್ತು ಸಾವಿರ ಬಡಿತದ ಕೊನೆಗೆ ಉಳಿಯುವುದು ಎಂಟು ಸಾವಿರದಲ್ಲಿ ಒಂದು ಪಾಲು. ಕತ್ತಲೆ ಎಂದೇ ಅರ್ಥ. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಹೊಳೆಯಿತು: ಹೊದಿಕೆ ಶುದ್ಧವಾಗಿದ್ದು ನಷ್ಟ ಹತ್ತು ಸಾವಿರಕ್ಕೆ ಒಂದಕ್ಕೆ ಇಳಿದರೆ? ಆಗ ಉಳಿಯುವುದು ನೂರಕ್ಕೆ ನಲವತ್ತು. ನಲವತ್ತು! ಹಾಳೆಯ ಮೇಲೆ ಎರಡು ಸಲ ಗೆರೆ ಎಳೆದೆ.

ಲೇಖನ ಬರೆದ ವಿಜ್ಞಾನಿಗೆ ಪತ್ರಿಕೆಯ ವಿಳಾಸದ ಮೂಲಕ ಕಾಗದ ಹಾಕಿದ್ದೇನೆ. ನನ್ನ ಲೆಕ್ಕದ ಐದು ಪುಟ ಜೊತೆಗಿಟ್ಟು, ಹೆಂಡತಿಯ ಕಾಯಿಲೆ ತಿಳಿಸಿ, ಎರಡು ಪ್ರಶ್ನೆ ಕೇಳಿದ್ದೇನೆ. ಈ ನಲವತ್ತು ಸರಿಯೇ? ಆ ಉಪಕರಣ ಇಂಡಿಯಾಕ್ಕೆ ಯಾವಾಗ ಬರುತ್ತದೆ?

ಅಂಚೆ ಕಚೇರಿಯ ಮುಂದೆ ನಾಗಲಿಂಗಯ್ಯನವರು ಸಿಕ್ಕರು. ವಿಷಯ ಕೇಳಿ ಸ್ವಲ್ಪ ಹೊತ್ತು ನನ್ನ ಜೊತೆ ನಡೆದರು.

"ಬೇಜಾರು ಮಾಡ್ಕೋಬೇಡಿ ಸಾಬ್ರೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರು ಅಂತಾರಲ್ಲ, ಹಂಗಾಗ್ತಾ ಐತೆ."

ಬೇಜಾರೇ ಆಯಿತು. ಗಾದೆ ಹೇಳುವುದು ಸುಲಭ. ಇವರಿಗೆ ಸಮೀಕರಣ ಎಂದರೆ ಏನೆಂದು ಗೊತ್ತಿದ್ದರೆ ತಾನೆ. ಒಂದು ವಾರ ಇವರ ಜೊತೆ ಮಾತು ಬೇಡ.

ಅಮೀರುನ್ನೀಸಾಳ ಬಳೆಗಳು ಸಡಿಲವಾಗಿವೆ. ಮೊಣಕೈವರೆಗೆ ಸರಿಯುತ್ತವೆ.


೨೨-೩-೧೯೫೮

ರಂಜಾನ್ ಶುರು. ಕಾಯಿಲೆಯವರಿಗೆ ರೋಜಾ ಬೇಕಿಲ್ಲ, ಆಮೇಲೆ ತೀರಿಸಿದರಾಯಿತು ಎಂದು ಅಮೀರುನ್ನೀಸಾಗೆ ಹೇಳಿದೆ. ಅವಳು ಕೇಳದೆ ಹಿಡಿದಿದ್ದಾಳೆ.

"ಉಂಡ್ರೇ ನೋವು. ಉಣ್ಣದಿದ್ರೆ ಸುಖವಾಗಿರ್ತೀನಿ. ಇನ್ನೊಂದು ತಿಂಗ್ಳು ಯಾರೂ ಉಣ್ಣು ಉಣ್ಣು ಅನ್ನಂಗಿಲ್ಲ."

ಅಕ್ಕ "ಪುಣ್ಯವಂತೆ" ಎಂದಳು.

ನಾಡಿದ್ದಿನಿಂದ ಪಾವಗಡದಲ್ಲಿ ಪರೀಕ್ಷೆಯ ಮೇಲ್ವಿಚಾರಣೆ, ಹನ್ನೊಂದು ದಿನ. ಹೆಡ್‌ಮಾಸ್ಟರು "ಮನೆ ಕಡೆ ಹೆಂಗೋ ಏನೋ, ಬೇಡ ಅಂದ್ರೆ ಬೇರೆಯವ್ರನ್ನ ಹಾಕ್ತೀನಿ" ಎಂದಿದ್ದರು. ಒಪ್ಪಿಕೊಂಡೆ. ಅಲ್ಲಿ ಪರೀಕ್ಷೆ ಮುಗಿದ ಮೇಲೆ ಮಧ್ಯಾಹ್ನವೆಲ್ಲ ಬಿಡುವು, ಅಲೆಯ ಸಮೀಕರಣವನ್ನು ನಿರಾತಂಕವಾಗಿ ಬಿಡಿಸಬಹುದು. ಡೈರಿ ಒಯ್ಯುವುದಿಲ್ಲ, ಪುಸ್ತಕದ ಭಾರವೇ ಸಾಕು.


೫-೪-೧೯೫೮, ಶನಿವಾರ

ನಿನ್ನೆ ಮಧ್ಯಾಹ್ನ ಪಾವಗಡದಿಂದ ಬಂದೆ. ಛತ್ರದ ತೆಲುಗು ಅಡಿಗೆಯವನು ದಿನವೂ "ಏಮಿ ಸಾರ್, ರೋಜಾನಾ? ಬಿಸ್ಲು ಭಾಳ ಐತೆ, ಮನೆಗೆ ಹೋಗ್ಬುಡಿ" ಎನ್ನುತ್ತಿದ್ದ. ಅಲೆಯ ಸಮೀಕರಣ ಬಿಡಿಸಿಬಿಟ್ಟಿದ್ದೆ. ಬಸ್ಸಿನಲ್ಲಿ ಅದೇ ಸಂತೋಷ.

ಬಾಗಿಲು ತೆಗೆದವಳನ್ನು ಒಂದು ಗಳಿಗೆ ಗುರುತಿಸಲಿಲ್ಲ. ಇದನ್ನು ಬರೆಯಲೇಬೇಕು. ಹದಿನಾಲ್ಕು ವರ್ಷ ಜೊತೆಗಿದ್ದ ಹೆಂಡತಿಯನ್ನು ಹನ್ನೆರಡು ದಿನಕ್ಕೆ ಗುರುತಿಸಲಿಲ್ಲ.

ಬರೆಯಲೆಂದು ಡೈರಿ ತೆಗೆದೆ. ಜನವರಿ ಹನ್ನೆರಡರ ಪುಟದಲ್ಲಿ, ನನ್ನ ಬರಹದ ಕೆಳಗೆ, ಪೆನ್ಸಿಲಿನಲ್ಲಿ, ಒಂದನೇ ತರಗತಿಯ ಮಕ್ಕಳು ಬರೆಯುವಂಥ ದೊಡ್ಡ ದುಂಡಗಿನ ಅಕ್ಷರ:

ನಾನು ಬ್ಯಾಡ ಅಂದಿಲ್ಲ. ನನ್ನ ಯಾರೂ ಕೇಳಲಿಲ್ಲ.

ಎದ್ದು ಅಡಿಗೆಮನೆಗೆ ಹೋದೆ. ಇಫ್ತಾರಿಗೆ ಗಂಜಿ ತಿರುವುತ್ತಿದ್ದಳು.

"ನಿನಗೆ ಕನ್ನಡ ಬರುತ್ತದಾ?"

"ಬರಗೂರಲ್ಲಿ ಉರ್ದು ಇಸ್ಕೂಲು ಎಲ್ಲಿತ್ತು? ಮೂರನೇ ಕ್ಲಾಸ್‌ಗಂಟ ಓದಿವ್ನಿ."

"ಹೇಳಲೇ ಇಲ್ಲ?"

"ನೀವು ಕೇಳ್ಲಿಲ್ಲ, ಸಾಬೀರಾನ ಅಬ್ಬಾ." ಸೌಟು ತೆಗೆದು ಪಾತ್ರೆಯ ಅಂಚಿಗೆ ಬಡಿದಳು. "ಆವತ್ತು ಆಸ್ಪತ್ರೇಲಿ ನಾನಲ್ಲೇ ಕೂತಿದ್ದೆ. ನೀವು ಅವ್ಳು ಒಪ್ಪಲ್ಲ ಅಂದ್ರಿ. ಡಾಕ್ಟ್ರು ನನ್ ಮಕ ನೋಡಿದ್ರು. ನೀವೊಂದ್ ಸಲ ತಿರುಗಿ ನೋಡಿದ್ರೆ ಆಯ್ತು ಅಂತಿದ್ದೆ."

"ಕುಯ್ಯುತ್ತಾರೆ ಅಂದರೂ?"

"ಸಾಬೀರಾ ಹುಟ್ಟಿದಾಗ ಮೂರು ದಿನ ಸತ್ತು ಬದುಕಿದೆ. ಕುಯ್ಯದಕ್ಕೆ ನಾನ್ಯಾಕೆ ಹೆದರ್ಲಿ? ಹೆದರಿದ್ದು ನೀವು."

ಬೈಯಲಿಲ್ಲ, ಅಳಲಿಲ್ಲ. ಗಂಜಿಗೆ ಉಪ್ಪು ಹಾಕಿ ನನ್ನ ಅಂಗೈಗೆ ಒಂದು ಹನಿ ಬಿಟ್ಟು ರುಚಿ ನೋಡಿ ಎಂದಳು. ರೋಜಾ ಹಿಡಿದವರು ಸೂರ್ಯ ಮುಳುಗುವ ಮೊದಲು ನಾಲಗೆಗೆ ಏನನ್ನೂ ತಾಗಿಸುವುದಿಲ್ಲ. ಇಬ್ಬರಿಗೂ ಮರೆತಿತ್ತು. ಅಂಗೈ ಹಾಗೇ ಹಿಡಿದು ನಿಂತಿದ್ದೆ.

ಸೋಮವಾರ ಬೆಂಗಳೂರು. ಡಾಕ್ಟರು ಸಂಜೀವಯ್ಯನವರಿಂದ ಕಾಗದ ಬರೆಸಿಕೊಂಡು ಬಂದೆ. ಅವರು ಕಾಗದ ಬರೆದು ಮುಗಿಸಿ, ಪೆನ್ನು ಮುಚ್ಚಿ, "ಹೋಗಿ" ಎಂದರು, ಅಷ್ಟೆ.


ಬೆಂಗಳೂರು, ೧೬-೪-೧೯೫೮

ಇವತ್ತು ಕುಯ್ದರು. ಒಂದು ಗಂಟೆಯೊಳಗೇ ಮುಗಿಸಿ ಹೊಲಿದುಬಿಟ್ಟರು. ಬೇಗ ಮುಗಿಯಿತೆಂದು ಸಂತೋಷಪಟ್ಟೆ, ಮೂರ್ಖ. ಹೊಟ್ಟೆಯಲ್ಲಿ ಗಡ್ಡೆ, ತೆಗೆಯುವ ಹಾಗಿಲ್ಲ, ಪಿತ್ತಕೋಶಕ್ಕೆಲ್ಲ ಹಬ್ಬಿದೆ ಎಂದರು. ಸರ್ಜನ್ ಒಳ್ಳೆಯವರು. ಮೊದಲು ಹೇಳಲಿಲ್ಲ. ನಾನೇ ಹಿಂದೆ ಬಿದ್ದು, ಜನವರಿಯಲ್ಲಿ ಬಂದಿದ್ದರೆ ಎಂದು ಕೇಳಿದೆ. "ಆಗ ತೆಗೀಬಹುದಿತ್ತೋ ಏನೋ" ಎಂದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಊರಿನಲ್ಲಿ ಕೋಟೆಯೂ ಇದೆ.

ಅವಳಿಗೆ ಹೇಳಿಲ್ಲ. ಹುಣ್ಣಿತ್ತು, ತೆಗೆದರು ಎಂದಿದ್ದೇನೆ.


೨೧-೪-೧೯೫೮

ಆಸ್ಪತ್ರೆಯಲ್ಲಿ ಈದ್. ಪಕ್ಕದ ಮಂಚದ ಮುದುಕಿಯ ಮಗ ಶ್ಯಾವಿಗೆ ತಂದುಕೊಟ್ಟ. ಅಮೀರುನ್ನೀಸಾ ಎರಡು ಚಮಚ ತಿಂದಳು. ನೋವಿಲ್ಲವೆಂದಳು.


ಸಿರಾ, ೧೮-೫-೧೯೫೮, ಭಾನುವಾರ

ನಡುಮನೆಯ ಪಡುವಣ ಕಿಟಕಿಯ ಹತ್ತಿರ ಅವಳ ಮಂಚ. ಶಾಲೆಗೆ ರಜೆ. ಸಮೀಕರಣದ ಹಾಳೆಗಳನ್ನು ಕಟ್ಟಿಟ್ಟಿದ್ದೆ. ಇವತ್ತು ಅವಳೇ ಕೇಳಿದಳು.

"ಆ ಬೆಳಕು ಬಾಗಿ ಹೋಗ್ತದೆ ಅಂದ್ರಲ್ಲ. ನಿಜವಾಗ್ಲೂ ಬಾಗ್ತದಾ, ಇಲ್ಲಾ ಲೆಕ್ಕದಲ್ಲಿ ಮಾತ್ರನಾ?"

ತೋರಿಸುತ್ತೇನೆ ಎಂದೆ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಾಡುವುದೇ. ಬಿಸ್ಕತ್ತಿನ ಡಬ್ಬದ ಒಂದು ಪಕ್ಕ ಕತ್ತರಿಸಿ, ಅಲ್ಲಿಗೆ ಗಾಜಿನ ಚೂರು ಇಟ್ಟು ಅರಗಿನಿಂದ ಮೆತ್ತಿದೆ. ಎದುರು ಪಕ್ಕದ ಬುಡದಲ್ಲಿ ಮೊಳೆಯಿಂದ ತೂತು ಹೊಡೆದೆ. ನಾಲ್ಕು ಗಂಟೆಗೆ ಬಿಸಿಲು ಓರೆಯಾದಾಗ ಡಬ್ಬವನ್ನು ಕಿಟಕಿಯಲ್ಲಿಟ್ಟು, ಸುತ್ತ ಕಂಬಳಿ ತುಂಬಿ ಕೋಣೆ ಕತ್ತಲು ಮಾಡಿದೆ. ನೀರು ತುಂಬಿ ತೂತಿನಿಂದ ಬೆರಳು ತೆಗೆದೆ.

ನೀರು ಕಮಾನಿನಂತೆ ಬಾಗಿ ಬಿತ್ತು. ಬಿಸಿಲು ನೇರ ಹೋಗಿ ಎದುರು ಗೋಡೆಗೆ ಬಡಿಯಲಿಲ್ಲ. ನೀರಿನೊಳಗೇ ಬಾಗಿ, ನೀರು ಬಿದ್ದಲ್ಲಿ ಬಿತ್ತು. ಅಮೀರುನ್ನೀಸಾ ಮಂಚದಿಂದ ಕೈ ಚಾಚಿ ಅಂಗೈ ಒಡ್ಡಿದಳು. ಅಂಗೈಯಲ್ಲಿ ಬೆಳಕು ಕೂತು ನಡುಗಿತು. ಬೆರಳ ಸಂದಿಯಿಂದ ಸೋರಿ ಕೆಳಗಿನ ಬೋಗುಣಿಗೆ ಬಿತ್ತು. ಅವಳ ಮುಖ ಕತ್ತಲಲ್ಲಿತ್ತು, ಕೈ ಮಾತ್ರ ಕಾಣುತ್ತಿತ್ತು.

"ಬಿಸಿಲು ಅಂದ್ರೂ ತಣ್ಣಗೈತೆ" ಎಂದಳು.

ಡಬ್ಬ ಖಾಲಿಯಾಗುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ, ನಾನು ಕಂಬಳಿ ತೆಗೆಯುವ ಮೊದಲೇ, ಆ ಕತ್ತಲಲ್ಲೇ ಕೇಳಿದಳು.

"ಬೆಂಗ್ಳೂರಲ್ಲಿ ನನ್ ಹೊಟ್ಟೆ ಒಳಗೆ ಏನ್ ಕಂಡ್ರು?"

ಹುಣ್ಣು ಎಂದು ಬಾಯಿಗೆ ಬಂದಿತ್ತು. ಪೆನ್ಸಿಲಿನ ಆ ಎರಡು ಸಾಲು ನೆನಪಾಯಿತು. ಹೇಳಿದೆ. ಹಬ್ಬಿದೆ ಎಂದೆ, ತೆಗೆಯಲಾಗಲಿಲ್ಲ ಎಂದೆ, ಜನವರಿ ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತಿತ್ತು ಬುಡಿ. ನಿಮ್ ಬಾಯಲ್ಲಿ ಬರ್ಲಿ ಅಂತ ಕೇಳ್ದೆ."

ಆಮೇಲೆ ಎರಡು ಮಾತು ಹೇಳಿದಳು. ಒಂದು, ಕಂಬಳಿ ಇವತ್ತು ಹಾಗೇ ಇರಲಿ, ಕಣ್ಣಿಗೆ ಹಿತವಾಗಿದೆ. ಇನ್ನೊಂದು, "ಸಾಬೀರಾ ವಿಷ್ಯದಲ್ಲಿ ಏನೇ ಮಾಡಿ, ಅವ್ಳನ್ನ ಒಂದ್ ಮಾತು ಕೇಳಿ ಮಾಡಿ. ಉಡೋ ಬಟ್ಟೆಯಿಂದ ಹಿಡ್ದು."

ನಾನು ಅತ್ತೆ. ಅವಳು ಅಳಲಿಲ್ಲ.


೫-೬-೧೯೫೮

ತಲೆ ಬಾಚಿದೆ. ಅಕ್ಕನಿಗೆ ನಾಚಿಕೆ, ಗಂಡಸು ಹೆಂಗಸಿನ ತಲೆ ಬಾಚುವುದೇ ಎಂದು. ಜಡೆ ಹೆಣೆಯಲು ಅಮೀರುನ್ನೀಸಾಳೇ ಹೇಳಿಕೊಟ್ಟಳು. ಮೂರು ಎಳೆ. ಎರಡು ಸಲ ತಪ್ಪಿದೆ.

ಪಾವಗಡದಲ್ಲಿ ಬಿಡಿಸಿದ್ದನ್ನು ಹೇಳಿ ಎಂದಳು. ಕಿರಣದ ಲೆಕ್ಕದ ಪ್ರಕಾರ ಗಾಜಿನ ಅಂಚಿನಾಚೆಗೆ ಬೆಳಕು ಸೊನ್ನೆ. ಅಲೆಯ ಸಮೀಕರಣದಲ್ಲಿ ಸೊನ್ನೆ ಬರುವುದಿಲ್ಲ. ಅಂಚು ದಾಟಿ, ಕೂದಲೆಳೆಗಿಂತ ಕಡಿಮೆ ದೂರ, ಬೆಳಕು ಆಚೆಗೂ ಬಂದಿರುತ್ತದೆ. ದೂರ ಹೋದಂತೆ ಬಲು ಬೇಗ ಕ್ಷೀಣಿಸುತ್ತದೆ, ಆದರೆ ಇರುತ್ತದೆ ಎಂದೆ.

"ಹೊಸ್ತಿಲಾಚೆ ನಿಂತಂಗೆ" ಎಂದಳು.

ಹೌದು, ಹಾಗೆಯೇ.


೧೭-೬-೧೯೫೮

ಬೆಳಿಗ್ಗೆ ಏಳು ಗಂಟೆಗೆ.


೧೯-೬-೧೯೫೮

ಬರೆಯದಿದ್ದರೆ ನಿದ್ದೆ ಬರುವಂತಿಲ್ಲ.

ಹೋದ ಮೇಲೂ ಸ್ವಲ್ಪ ಹೊತ್ತು ಅವಳ ಕೈ ನನ್ನ ಕೈಯಲ್ಲೇ ಇತ್ತು. ನನಗೆ ತಿಳಿದಿರಲಿಲ್ಲ. ಅಕ್ಕ ಬಂದು ನೋಡಿ, ಕಣ್ಣು ಮುಚ್ಚಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬುಡು ಇನಾಯತ್. ಇನ್ನು ನೀನು ಮುಟ್ಟಂಗಿಲ್ಲ."

ನಮ್ಮಲ್ಲಿ ಹಾಗೆ. ಹೆಂಡತಿ ಹೋದ ಗಳಿಗೆಗೆ ನಿಕಾಹ್ ಮುಗಿಯಿತು ಎನ್ನುತ್ತಾರೆ. ಗಂಡ ನೋಡಬಹುದು, ಮುಟ್ಟಬಾರದು. ಮೈ ತೊಳೆಯುವುದು ಹೆಂಗಸರ ಕೆಲಸ. ಇದು ನನಗೆ ಗೊತ್ತಿಲ್ಲದ್ದಲ್ಲ, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆದರೂ ಒಂದು ಸಲ, ಬೆರಳ ತುದಿಯಷ್ಟೇ, ಎಂದು ಅಕ್ಕನನ್ನು ಬೇಡಿದೆ. ಅವಳು ತಲೆಯಾಡಿಸಿದಳು. ಅವಳೂ ಅಳುತ್ತಿದ್ದಳು. ಮುಟ್ಟಬಹುದಾಗಿದ್ದ ತಿಂಗಳುಗಳಲ್ಲೆಲ್ಲ ನಾನು ಪೆನ್ಸಿಲ್ ಹಿಡಿದಿದ್ದೆ.

ಹಿತ್ತಲಲ್ಲಿ ನಾಲ್ಕು ಗಳ ನೆಟ್ಟು ಹಚ್ಚಡದ ಮರೆ ಕಟ್ಟಿದರು. ಎಲಚಿ ಎಲೆ ಹಾಕಿ ಕಾಯಿಸಿದ ನೀರು. ಅಕ್ಕ, ಮಸೀದಿ ಬೀದಿಯ ಇಬ್ಬರು ಹೆಂಗಸರು, ಒಳಗೆ. ನಾನು ಹೊರಗೆ, ಒಂದು ಮಾರು ದೂರದಲ್ಲಿ. ಮಸೀದಿಯ ಇಮಾಮ್ ಸಾಬರು ನನ್ನ ತೋಳು ಹಿಡಿದುಕೊಂಡು ನಿಂತಿದ್ದರು. ಗಿಂಡಿಯ ಮೂತಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಮೊದಲು ಬಲಗಡೆ, ಆಮೇಲೆ ಎಡಗಡೆ. ಮೂರು ಸಲ.

ಹಚ್ಚಡದ ಕೆಳಗಿನಿಂದ ನೀರು ಚಪ್ಪಡಿಯ ಮೇಲೆ ಹರಿದು ಬಂತು. ಚಪ್ಪಡಿಯ ಅಂಚಿನಲ್ಲಿ ಬಾಗಿ ಮೋರಿಗೆ ಬೀಳುತ್ತಿತ್ತು. ಹತ್ತು ಗಂಟೆಯ ಬಿಸಿಲು ಅದರೊಳಗಿತ್ತು. ನಾನು ಇಮಾಮ್ ಸಾಬರ ಕೈ ಬಿಡಿಸಿಕೊಂಡು ಕುಕ್ಕುರುಗಾಲಲ್ಲಿ ಕೂತು ಅಂಗೈ ಒಡ್ಡಿದೆ. ಅವಳನ್ನು ಮುಟ್ಟಿ ಬಂದ ನೀರು. ಬೆಳಕು ನನ್ನ ಅಂಗೈಯಲ್ಲಿ ನಡುಗುತ್ತ ಕೂತಿತು.

ಹಾಗೆ ಮಾಡಬಾರದೇನೋ. ಇಮಾಮ್ ಸಾಬರು ನೋಡಿದರು. ನೀರು ನಿಲ್ಲುವವರೆಗೂ ಬಿಟ್ಟು, ಆಮೇಲೆ "ಏಳು ಮಗಾ" ಎಂದರು.


೨೦-೭-೧೯೫೮

ಹೊರದೇಶದ ಅಂಚೆಚೀಟಿಯ ಕಾಗದ ಬಂದಿದೆ. ಎರಡು ಪುಟ, ಟೈಪು ಮಾಡಿದ್ದು. ತಡವಾದುದಕ್ಕೆ ಕ್ಷಮೆ ಕೇಳಿದ್ದಾರೆ. ಉಪಕರಣ ಇನ್ನೂ ಪರೀಕ್ಷೆಯಲ್ಲಿದೆ, ಇಂಡಿಯಾಕ್ಕೆ ಬರಲು ವರ್ಷಗಳು ಬೇಕಾದೀತು, ನಿಮ್ಮ ಪತ್ನಿಯನ್ನು ತಡಮಾಡದೆ ಸರ್ಜನ್ನರ ಹತ್ತಿರ ಕರೆದುಕೊಂಡು ಹೋಗಿ ಎಂದು ಬರೆದಿದ್ದಾರೆ. ಇದೇ ಮಾತನ್ನು ಅರ್ಧ ಮೈಲು ದೂರದ ಆಸ್ಪತ್ರೆಯ ಬಾಗಿಲಲ್ಲಿ ಜನವರಿಯಲ್ಲೇ ಕೇಳಿದ್ದೆ.

ಎರಡನೇ ಪುಟದಲ್ಲಿ ಲೆಕ್ಕದ ಮಾತು. ನಿಮ್ಮ ನಲವತ್ತು ನಮ್ಮ ಅಳತೆಗೆ ಬಹಳ ಹತ್ತಿರವಿದೆ, ಅಭಿನಂದನೆ ಎಂದಿದ್ದಾರೆ.

ಲೆಕ್ಕ ಸರಿಯಾಗಿತ್ತು.

ನಾಗಲಿಂಗಯ್ಯನವರ ಮನೆಗೆ ಹೋಗಿ ಕಾಗದ ಓದಿ ಹೇಳಿದೆ. ಗಾದೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು. ಕತ್ತಲಾಗುವವರೆಗೂ ಕೂತಿದ್ದೆವು.


೩-೮-೧೯೫೮, ಭಾನುವಾರ

ನಲವತ್ತನೆಯ ದಿನದ ಫಾತಿಹಾ ಮುಗಿದು ವಾರವಾಯಿತು. ಬೆಳಿಗ್ಗೆ ಅಕ್ಕ ಮಾತು ತೆಗೆದಳು. ಸಾಬೀರಾಗೆ ಹನ್ನೊಂದು ತುಂಬಿತು, ಮನೆಯಲ್ಲಿ ಕೈಯಾಳಿಲ್ಲ, ತನಗೂ ವಯಸ್ಸಾಯಿತು. ಶಾ‌ಲೆ ಸಾಕು, ಅಡಿಗೆ ಹೊಲಿಗೆ ಕಲಿಯಲಿ.

"ನನ್ನ ಹೈಸ್ಕೂಲಿಗೇ ಸೇರಿಸುತ್ತೇನೆ. ಸಾಬೀರಾ ಶಾಲೆ ಬಿಡಲು ಒಪ್ಪು..." ಎಂದು ಬಾಯಿ ತೆಗೆದವನು ಅಲ್ಲಿಗೇ ನಿಲ್ಲಿಸಿದೆ. ಅಕ್ಕ ನನ್ನ ಮುಖ ನೋಡಿದಳು, ಎದೆನೋವು ಬಂತೇನೋ ಎಂಬ ಹಾಗೆ.

ಹಿತ್ತಲಿಗೆ ಹೋದೆ. ಸಾಬೀರಾ ಆ ಚಪ್ಪಡಿಯ ಮೇಲೆ ಕೂತು ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು. ಅತ್ತೆ ಹೀಗೆ ಹೇಳುತ್ತಾಳೆ, ನನ್ನ ಮನಸ್ಸಿನಲ್ಲಿ ಹೀಗಿದೆ, ನಿನಗೇನು ಬೇಕು ಎಂದು ಕೇಳಿದೆ. ಅವಳ ಕೈ ನಿಂತಿತು. ಇಂಥ ಪ್ರಶ್ನೆಯನ್ನು ಈ ಮನೆಯಲ್ಲಿ ಅವಳು ಕೇಳಿಸಿಕೊಂಡವಳಲ್ಲ.

"ಈಗ್ಲೇ ಹೇಳ್ಬೇಕಾ ಅಬ್ಬಾ?"

"ಬೇಡ."

"ಯೋಚ್ನೆ ಮಾಡಿ ಹೇಳ್ತೀನಿ."

ಆಗಲಿ ಎಂದು ಬಂದು ಕೂತಿದ್ದೇನೆ. ಉತ್ತರಕ್ಕೆ ಕಾಯುವುದು ನನಗೆ ಹೊಸದಲ್ಲ, ಐದು ತಿಂಗಳು ಅಂಚೆಯವನ ದಾರಿ ಕಾದವನು. ಇದೀಗ ಹಿತ್ತಲ ಬಾಗಿಲ ಸದ್ದಾಯಿತು. ಸಾಬೀರಾ ಬಂದು ಹೊಸ್ತಿಲಾಚೆ ನಿಂತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ.